ಸಾವಂತ್ರೆವ್ವನ ನಾಲಿಗೆಯ ಚುಕ್ಕಿಗಳು

ಗುಳೇದಗುಡ್ಡದ ಬಣ್ಣದ ಓಣಿಯ ಹೆಂಗಸರಿಗೆ ತಮ್ಮ ನಾಲಿಗೆಯ ಮೇಲೊಂದು ಆಕಾಶವಿದೆ ಎಂದು ಗೊತ್ತಾಗಿ ಆಗಲೇ ಎರಡು ವರ್ಷವಾಗಿತ್ತು.

ಅದನ್ನು ತೋರಿಸಿಕೊಟ್ಟಿದ್ದು ಕಾವಲುದೀಪ. ಓಣಿಯ ತುದಿಯಲ್ಲಿ ಹಿಂದೆ ನೂಲಿನ ಗೋದಾಮು ಇದ್ದ ಜಾಗದಲ್ಲಿ ಈಗ ಕಾವಲು ಕೇಂದ್ರವೆಂಬ ಪುಟ್ಟ ಆಸ್ಪತ್ರೆಯಿದೆ. ಅಲ್ಲಿನ ಕುರ್ಚಿಯಲ್ಲಿ ಕೂತು, ಗದ್ದವನ್ನು ಪಟ್ಟಿಯ ಮೇಲಿಟ್ಟು ನಾಲಿಗೆ ಚಾಚಿದರೆ, ಕಣ್ಣಿಗೆ ಕಾಣದ ಮೆಲುಬೆಳಕೊಂದು ನಾಲಿಗೆಯ ತೊಗಲಿನೊಳಗೆ ಕೂದಲೆಳೆಯಷ್ಟು ಆಳಕ್ಕೆ ಇಳಿಯುತ್ತದೆ. ನೋವಿಲ್ಲ, ಉರಿಯಿಲ್ಲ. ಎದುರಿನ ಪರದೆ ಮೊದಲು ಸುಮ್ಮನೆ ಕಪ್ಪಾಗಿರುತ್ತದೆ. ಆಮೇಲೆ ಒಂದೊಂದಾಗಿ, ಸಂಜೆಯ ಬಾನಿನಲ್ಲಿ ಮೂಡಿದಂತೆ, ಆ ತೊಗಲಿನೊಳಗೆ ಮನೆ ಮಾಡಿಕೊಂಡಿರುವ ಕಾವಲು ಕೋಶಗಳು ಹೊಳೆಯತೊಡಗುತ್ತವೆ.

ಅವುಗಳಲ್ಲಿ ಎರಡು ಬಗೆ. ಪುಸ್ತಕದಲ್ಲಿ ಅವಕ್ಕೆ ಉದ್ದುದ್ದ ಹೆಸರುಗಳಿದ್ದವು. ಓಣಿಯ ಹೆಂಗಸರು ಅವನ್ನು ಚುಕ್ಕಿ ಮತ್ತು ಇರಿವಿ, ಅಂದರೆ ಇರುವೆ, ಎಂದು ಕರೆದರು. ಚುಕ್ಕಿಗಳು ಕೂತಲ್ಲೇ ಕೂತಿರುತ್ತವೆ. ಐದಾರು ಬೆಳಕಿನ ತೋಳುಗಳನ್ನು ಸುತ್ತಲೂ ಚಾಚಿ, ಹೊರಗಿನಿಂದ ಏನೇ ಬಂದರೂ ಹಿಡಿದು, ಬಿಚ್ಚಿ ನೋಡಿ, ಒಳಗೆ ಸುದ್ದಿ ಮುಟ್ಟಿಸುತ್ತವೆ. ಇರಿವಿಗಳು ಅಲೆಯುತ್ತವೆ. ಮನೆಮನೆಯ ಕದ ತಟ್ಟಿದಂತೆ ಒಂದೊಂದು ಕೋಶವನ್ನೂ ಮೂಸುತ್ತ ಹೋಗಿ, ಕೆಟ್ಟದ್ದು ಸಿಕ್ಕರೆ ಅಲ್ಲೇ ಅದರ ಕಥೆ ಮುಗಿಸುತ್ತವೆ.

ಪ್ರತಿ ಸೋಮವಾರ ಬಣ್ಣದ ಓಣಿಯ ಪಾಳಿ. ಜನ ಯಾವುದಕ್ಕೆ ತಾನೇ ಒಗ್ಗಿಕೊಳ್ಳುವುದಿಲ್ಲ? ನಳದ ಹತ್ತಿರ ಕೊಡ ಇಟ್ಟವರು ಊಟವಾಯಿತೇ ಎಂದು ಕೇಳುವ ಬದಲು ಚುಕ್ಕಿ ಎದ್ದಾವೇನು ಎಂದು ಕೇಳತೊಡಗಿದರು. ಹೆಣ್ಣು ನೋಡಲು ಬಂದವರು ಹುಡುಗಿಯ ಚುಕ್ಕಿಗಳ ಎಣಿಕೆ ಕೇಳಿದ್ದೂ ಆಯಿತು, ಹುಡುಗಿ ಮೊದಲು ನಿಮ್ಮ ಹುಡುಗನದು ತೋರಿಸಿರಿ ಎಂದು ಅವರನ್ನು ಹೊರಗೆ ಕಳಿಸಿದ್ದೂ ಆಯಿತು. ಎದುರು ಮನೆಯ ಕಾಶವ್ವ ಮಾತ್ರ ಪ್ರತಿ ವಾರ ಒಂದೇ ಮಾತು ಹೇಳುತ್ತಿದ್ದಳು: "ನನ್ನ ಗಂಡನ ಇರಿವಿ ನೋಡೂದ ಬ್ಯಾಡ್ರಿ. ಅವನಂಗ ಕಟ್ಟಿ ಮ್ಯಾಲ ಕುಂತಿರ್ತಾವು."

ದೀಪ ಹಚ್ಚುವವಳು ದಾಕ್ಷಾಯಿಣಿ. ಅದೇ ಓಣಿಯ ಸೊಸೆ. ಗಂಡ ಮುತ್ತಣ್ಣ ಮನೆಯ ಪಡಸಾಲೆಯಲ್ಲೇ ಖಣದ ಬಟ್ಟೆ ನೇಯುತ್ತಾನೆ. ಅತ್ತೆ ಸಾವಂತ್ರೆವ್ವ ಹಿತ್ತಲಲ್ಲಿ ನೂಲಿಗೆ ಬಣ್ಣ ಹಾಕುತ್ತಾಳೆ. ಏಳು ವರ್ಷದ ಮಗಳು ಲೀಲಾ ಈ ಇಬ್ಬರ ನಡುವೆ ಮಗ್ಗದ ಲಾಳಿಯ ಹಾಗೆ ಓಡಾಡಿಕೊಂಡಿರುತ್ತಾಳೆ. ದಾಕ್ಷಾಯಿಣಿಗೆ ಒಂದು ಅಭ್ಯಾಸವಿತ್ತು. ಯಾರೇ ಬಂದು ಕುರ್ಚಿಯಲ್ಲಿ ಕೂತರೂ, ಗದ್ದದ ಪಟ್ಟಿ ತಣ್ಣಗಿರುತ್ತದೆಂದು ಮೊದಲು ಅದರ ಮೇಲೆ ತನ್ನ ಅಂಗೈ ಇಟ್ಟು ಬೆಚ್ಚಗೆ ಮಾಡುತ್ತಿದ್ದಳು. ಹಾಗೆ ಮಾಡಬೇಕೆಂದು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ಕೇಂದ್ರ ಬಂದದ್ದಕ್ಕೆ ಕಾರಣವಿತ್ತು. ಹಿಂದಿನ ತಲೆಮಾರಿನಲ್ಲಿ ಆ ಓಣಿಯ ಎಷ್ಟೋ ಜನರ ಬಾಯಿ, ಮೂತ್ರಕೋಶ ಕೆಟ್ಟು ಹೋಗಿದ್ದವು. ಬಣ್ಣದ ಪುಡಿಗಳಲ್ಲಿ ಕೆಲವು ಮೈಗೆ ಸೇರಿದರೆ ವರ್ಷಗಟ್ಟಲೆ ಸುಮ್ಮನಿದ್ದು ಕೊನೆಗೊಂದು ದಿನ ಗಂಟಾಗಿ ಏಳುತ್ತವೆಂದು ಡಾಕ್ಟರರಿಗೆ ಗೊತ್ತಿತ್ತು. ಆದ್ದರಿಂದ ಎಲ್ಲರಿಗೂ ಮೊಣಕೈವರೆಗಿನ ರಬ್ಬರಿನ ಕೈಗವಸು ಬಂದವು. ಜೊತೆಗೆ ವಾರಕ್ಕೆ ಮೂರು ಸಲ ನಾಲಿಗೆಯ ಕೆಳಗೆ ಬಿಡುವ ಎಬ್ಬಿಸುವ ಹನಿ. ಅದು ಕಾವಲು ಕೋಶಗಳನ್ನು ಎಚ್ಚರಿಸುತ್ತದೆ, ಹೆಚ್ಚಿಸುತ್ತದೆ. ಅನುಮಾನದ ಕಲೆಗಳಿದ್ದ ನಲವತ್ತು ನಾಲಿಗೆಗಳಲ್ಲಿ ಮೂವತ್ತೊಂಬತ್ತು ವರ್ಷದೊಳಗೆ ತಿಳಿಯಾದವು.

ತಿಳಿಯಾಗದೆ ಉಳಿದದ್ದು ಸಾವಂತ್ರೆವ್ವನ ನಾಲಿಗೆ.

ಅದೇ ವಿಚಿತ್ರವಾಗಿತ್ತು. ಇಡೀ ಓಣಿಯಲ್ಲಿ ಅವಳಷ್ಟು ಚುಕ್ಕಿಗಳು ಯಾರಿಗೂ ಇರಲಿಲ್ಲ. ಪರದೆಯ ಮೇಲೆ ಅವು ಅರಳು ಚೆಲ್ಲಿದ ಹಾಗೆ ಕಾಣುತ್ತಿದ್ದವು. ಆದರೂ ನಾಲಿಗೆಯ ಎಡ ಅಂಚಿನಲ್ಲಿ ಎಳ್ಳಿನಷ್ಟಿದ್ದ ಬಿಳಿಯ ಕಲೆ ಹುಣಸೆ ಬೀಜದಷ್ಟಾಗಿತ್ತು. ಅದರ ಸುತ್ತ ಇರಿವಿಗಳು ಬಂದು ನಿಲ್ಲುತ್ತಿದ್ದವು, ಒಳಗೆ ಹೋಗುತ್ತಿರಲಿಲ್ಲ. ಯಾರೋ ತಡೆಯಿರಿ ಎಂದು ಹೇಳಿದ ಹಾಗೆ.

ಕೇಂದ್ರದ ಡಾಕ್ಟರ್ ನಸೀಮಾ ಮುಲ್ಲಾ ಆ ಸೋಮವಾರ ಪರದೆಯನ್ನು ಬಹಳ ಹೊತ್ತು ನೋಡಿದರು. ಕಲೆಯಿಂದ ತೆಗೆದ ಚೂರಿನ ವರದಿ ಬಂದಿತ್ತು. ಅವರು ಸಾವಂತ್ರೆವ್ವನ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಮುಚ್ಚುಮರೆಯಿಲ್ಲದೆ ಹೇಳಿದರು. ಇದು ಕ್ಯಾನ್ಸರ್ ಆಗಿದೆ, ಇನ್ನೂ ಆಳಕ್ಕೆ ಇಳಿದಿಲ್ಲ. ಒಂದು ತಿಂಗಳು ಬಿಟ್ಟು ಬಾಗಲಕೋಟೆಯಲ್ಲಿ ಶಸ್ತ್ರಚಿಕಿತ್ಸೆ. ನಾಲಿಗೆಯ ಮೂರರಲ್ಲೊಂದು ಭಾಗ ತೆಗೆಯಬೇಕಾಗಬಹುದು. ಮಾತು ತೊದಲುತ್ತದೆ. ರುಚಿ ಎಷ್ಟು ಉಳಿಯುತ್ತದೋ ಹೇಳಲಾಗುವುದಿಲ್ಲ.

ಸಾವಂತ್ರೆವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಮಾತು ಹೋದ್ರ ಹೋಗ್ಲಿ ಬಿಡ್ರಿ, ಅರ್ಧ ಓಣಿ ನೆಮ್ಮದಿಲೆ ಇರ್ತೈತಿ," ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು: "ರುಚೀನೂ ಹೋಕ್ಕೈತೇನು?"

ಕ್ಯಾನ್ಸರ್ ಎಂದಾಗಲೂ ಅಲುಗದ ಮುಖ ಆ ಒಂದು ಪ್ರಶ್ನೆ ಕೇಳುವಾಗ ಮಗುವಿನಂತಾದದ್ದನ್ನು ದಾಕ್ಷಾಯಿಣಿ ಕಂಡಳು. ಯಾಕೆಂದು ಅವಳಿಗೆ ಆಗ ತಿಳಿಯಲಿಲ್ಲ. ವಯಸ್ಸಾದವರಿಗೆ ಊಟವೊಂದೇ ಸುಖವಲ್ಲವೇ ಎಂದುಕೊಂಡಳು.

*

ಮನೆಯಲ್ಲಿ ಎಲ್ಲವೂ ಎಂದಿನಂತೆಯೇ ನಡೆಯಿತು. ಮಗ್ಗ ಟಕ್ ಟಕ್ ಎನ್ನುತ್ತಿತ್ತು. ಮುತ್ತಣ್ಣ ಸುದ್ದಿ ಕೇಳಿ ಮಗ್ಗ ನಿಲ್ಲಿಸಿ, ಅವ್ವನ ಕಾಲ ಬಳಿ ಸ್ವಲ್ಪ ಹೊತ್ತು ಕೂತಿದ್ದು, ಮತ್ತೆ ಮಗ್ಗಕ್ಕೆ ಹೋದ. ಹಿತ್ತಲ ನೆಲದಲ್ಲಿ ಕುತ್ತಿಗೆವರೆಗೆ ಹೂತ ಮೂರು ನೀಲಿ ಗಡಿಗೆಗಳು ಮಧ್ಯಾಹ್ನದ ಬಿಸಿಲಿಗೆ ಉಸಿರಾಡುತ್ತಿದ್ದವು. ನೀಲಿಯ ಗಡಿಗೆಯೊಳಗಿನ ನೀರು ನೀಲಿಯಿರುವುದಿಲ್ಲ. ಹದಕ್ಕೆ ಬಂದಾಗ ಅದು ಹಸಿರು ಹಳದಿ. ಮೇಲೆ ತಾಮ್ರದ ಬಣ್ಣದ ಕೆನೆ. ಅದರಲ್ಲಿ ಮುಳುಗಿಸಿದ ನೂಲು ಎಳೆಹಸಿರಾಗಿ ಮೇಲೆ ಬಂದು, ಗಾಳಿ ಸೋಕಿದ ಹಾಗೆ, ನೋಡನೋಡುತ್ತ ನೀಲಿಗೆ ತಿರುಗುತ್ತದೆ. ಲೀಲಾ ದಿನವೂ ಅದನ್ನು ನೋಡುತ್ತಾಳೆ, ದಿನವೂ ಬಾಯಿ ತೆರೆದೇ ನೋಡುತ್ತಾಳೆ.

ಹದ ತಪ್ಪಿದರೆ ನೂಲು ಬೂದಿಯ ಬಣ್ಣಕ್ಕೆ ಇಳಿಯುತ್ತದೆ. ಸಾವಂತ್ರೆವ್ವನಿಗೆ ಐವತ್ತು ವರ್ಷದಲ್ಲಿ ಹದ ತಪ್ಪಿದ್ದು ಯಾರಿಗೂ ನೆನಪಿಲ್ಲ.

ಸಂಜೆ ಹಗ್ಗದ ಮೇಲಿನ ಬಟ್ಟೆ ತೆಗೆಯುವಾಗ ಅತ್ತೆಯ ಬಲಗೈ ಗವಸಿನ ಕಿರುಬೆರಳ ತುದಿ ಹರಿದಿರುವುದು ದಾಕ್ಷಾಯಿಣಿಗೆ ಕಂಡಿತು. ಅಂಟು ಹಚ್ಚಬೇಕೆಂದು ಕೈಗೆತ್ತಿಕೊಂಡಳು. ಹರಿದದ್ದಲ್ಲ, ಕತ್ತರಿಸಿದ್ದು. ಕತ್ತರಿಸಿದ ಅಂಚನ್ನು ಒಳಕ್ಕೆ ಮಡಚಿ, ಕಪ್ಪು ದಾರದಲ್ಲಿ ಸಣ್ಣ ಸಣ್ಣ ಹೊಲಿಗೆ ಹಾಕಲಾಗಿತ್ತು, ಕುಪ್ಪಸದ ತೋಳಿಗೆ ಹಾಕುವಂತೆ. ಇದೇನು ಎಂದು ಕೇಳಬೇಕೆನ್ನುವಷ್ಟರಲ್ಲಿ ಒಳಗೆ ಹಾಲು ಉಕ್ಕಿತು. ಒಲೆ ಒರೆಸಿ, ರೊಟ್ಟಿ ಬಡಿದು, ಲೀಲಾಳ ಮಗ್ಗಿ ಕೇಳುವ ಹೊತ್ತಿಗೆ ಗವಸಿನ ಮಾತು ಮರೆತೇ ಹೋಗಿತ್ತು.

*

ಶನಿವಾರ ಅರ್ಧ ದಿನದ ಶಾಲೆ. ಲೀಲಾ ಪಾಟಿಚೀಲ ಹೊತ್ತು ನೇರವಾಗಿ ಕೇಂದ್ರಕ್ಕೇ ಬಂದಳು. ರೋಗಿಗಳಿರಲಿಲ್ಲ. ಕಿಟಕಿಯ ಪರದೆಯಿಂದ ಸೋಸಿದ ಬಿಸಿಲು ನೆಲದ ಮೇಲೆ ಮಜ್ಜಿಗೆ ಚೆಲ್ಲಿದಂತೆ ಬಿದ್ದಿತ್ತು. ತನ್ನ ಚುಕ್ಕಿಗಳನ್ನೂ ತೋರಿಸೆಂದು ಅವಳು ಎಷ್ಟೋ ದಿನದಿಂದ ಗಂಟು ಬಿದ್ದಿದ್ದಳು. ದಾಕ್ಷಾಯಿಣಿ ಗದ್ದದ ಪಟ್ಟಿಯನ್ನು ಅಂಗೈಯಿಂದ ಬೆಚ್ಚಗೆ ಮಾಡಿ, ಮಗಳನ್ನು ಎರಡು ದಿಂಬಿನ ಮೇಲೆ ಕೂರಿಸಿ, ನಾಲಿಗೆ ಚಾಚು ಎಂದಳು.

ನಾಲಿಗೆಯ ತುದಿಯಲ್ಲಿ ಮಸುಕು ನೀಲಿಯಿತ್ತು.

ಶಾಲೆಯ ಶಾಯಿ ಇರಬೇಕು ಎಂದುಕೊಂಡು ಅವಳು ದೀಪ ಹಚ್ಚಿದಳು. ಮಗುವಿನ ಆಕಾಶ ಮೆಲ್ಲಗೆ ತೆರೆದುಕೊಂಡಿತು. ದೊಡ್ಡವರದಕ್ಕಿಂತ ತಿಳಿ, ಚುಕ್ಕಿಗಳ ತೋಳುಗಳು ಇನ್ನೂ ಎಳೆಯವು. ಅವುಗಳ ನಡುವೆ ಏನೋ ತೇಲಿ ಬರುತ್ತಿತ್ತು. ಧೂಳಿನ ಕಣದಂತಹ ನೀಲಿ ಚೂರುಗಳು, ಒಂದು, ಎರಡು, ಹತ್ತಾರು. ಎರಡು ವರ್ಷದಲ್ಲಿ ಸಾವಿರಾರು ನಾಲಿಗೆ ನೋಡಿದವಳು ಅಂಥದ್ದನ್ನು ಕಂಡಿರಲಿಲ್ಲ. ಓಣಿಯ ಹೆಂಗಸರ ನಾಲಿಗೆ ಸೋಮವಾರ ಬೆಳಗಿದ ತಂಬಿಗೆಯಂತೆ ಹೊಳೆಯುತ್ತಿರುತ್ತಿತ್ತು.

ಒಂದು ಚೂರು ಒಂದು ಚುಕ್ಕಿಯ ಹತ್ತಿರ ಬಂದಿತು. ಚುಕ್ಕಿ ತೋಳು ಚಾಚಿತು. ದೂಡಲಿಲ್ಲ, ಕೊಲ್ಲಲಿಲ್ಲ. ಬಿಸಿಲಲ್ಲಿ ಬಂದ ನೆಂಟರ ಕೈಯಿಂದ ಗಂಟು ಇಸಿದುಕೊಂಡು ಒಳಗೆ ಬನ್ನಿ ಎನ್ನುವ ಮನೆಯೊಡತಿಯ ಹಾಗೆ ಅದನ್ನು ಒಳಕ್ಕೆ ಬರಮಾಡಿಕೊಂಡಿತು.

ದಾಕ್ಷಾಯಿಣಿ ದೀಪವನ್ನು ಅದೇ ಜಾಗಕ್ಕೆ ನಿಲ್ಲಿಸಿದಳು. ಇನ್ನಷ್ಟು ಹೊತ್ತು ನೋಡಬೇಕಿತ್ತು, ಗದ್ದ ಅಲುಗಬಾರದಿತ್ತು. ಅವಳಿಗೆ ಗೊತ್ತಿದ್ದ ಉಪಾಯ ಒಂದೇ. ಕಥೆ ಹೇಳತೊಡಗಿದಳು. ಬಿಳಿಯ ಆನೆಯೊಂದು ನೀಲಿ ಕೆರೆಗೆ ನೀರು ಕುಡಿಯಲು ಹೋದ ಕಥೆ. ಬಾಯಿಗೆ ಬಂದಂತೆ ಕಟ್ಟಿದ್ದು. ಆನೆ ಕೆರೆಯ ದಂಡೆಗೆ ಬಂತು, ಸೊಂಡಿಲು ಅದ್ದಿತು, ಸೊಂಡಿಲು ನೀಲಿಯಾಯಿತು. ಲೀಲಾಳ ಕಣ್ಣು ಅರ್ಧ ಮುಚ್ಚಿದವು. ನಾಲಿಗೆ ಅಲುಗಲಿಲ್ಲ. ತಾಯಿಯ ದನಿ ಆನೆಯ ಹಿಂದೆ ಹೋಗುತ್ತಿತ್ತು, ಕಣ್ಣು ಪರದೆಯ ಮೇಲಿತ್ತು.

ಆನೆ ಮನೆಗೆ ಬರುವ ಹೊತ್ತಿಗೆ ಮುಕ್ಕಾಲು ಗಂಟೆಯಾಗಿತ್ತು. ನೀಲಿ ಚೂರುಗಳನ್ನು ಬರಮಾಡಿಕೊಂಡ ಮೂರು ಚುಕ್ಕಿಗಳ ಪಕ್ಕದ ಕೋಶಗಳಲ್ಲಿ ಸಣ್ಣ ಸಣ್ಣ ಹಳದಿ ಬೊಟ್ಟುಗಳು ಮೂಡಿದ್ದವು. ಕೋಶದ ಒಳಗಿನ, ಅದರ ಹಣೆಬರಹವೆಲ್ಲ ಬರೆದಿಟ್ಟ ಆ ಸಣ್ಣ ಎಳೆಗೆ ಪೆಟ್ಟಾದರೆ ದೀಪ ಅದನ್ನು ಹಳದಿಯಾಗಿ ತೋರಿಸುತ್ತದೆ. ಚುಕ್ಕಿಗಳಿಲ್ಲದ ಕಡೆ ಬಿದ್ದ ಚೂರುಗಳು ಸುಮ್ಮನೆ ಜೊಲ್ಲಿನಲ್ಲಿ ಕರಗಿ ಹರಿದುಹೋಗಿದ್ದವು. ಅಲ್ಲಿ ಒಂದೂ ಹಳದಿಯಿಲ್ಲ.

ಅವಳು ದೀಪ ಆರಿಸಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ನಾಲಿಗೆಗೆ ಏನು ಹಚ್ಚಿಕೊಂಡಿದ್ದೆ ಎಂದು ಕೇಳಿದಳು.

"ಗಡಿಗಿ ರುಚಿ ನೋಡಿದ್ನೆಲ್ಲಾ," ಎಂದಳು ಲೀಲಾ. "ಅಜ್ಜಿ ದಿನಾ ನೋಡ್ತಾಳ. ಕಿರುಬಳ್ಳಿಲೆ. ಸಾಲಿಗೆ ಹೋಗೂಕಿಂತ ಮೊದಲ ಅಜ್ಜಿ ಒಳಗ ಹ್ವಾದಾಗ ನಾನೂ ನೋಡಿದ್ನಿ. ಹುಳಿ ಐತಿ."

ಕಪ್ಪು ದಾರದ ಹೊಲಿಗೆ ಹಾಕಿದ ಆ ಗವಸು ಆಗ ದಾಕ್ಷಾಯಿಣಿಯ ಕಣ್ಣ ಮುಂದೆ ಬಂದು ನಿಂತಿತು.

*

ಡಾಕ್ಟರ್ ನಸೀಮಾ ಆ ಮುಕ್ಕಾಲು ಗಂಟೆಯ ಚಿತ್ರವನ್ನು ಎರಡು ಸಲ ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ನೀಲಿಪುಡಿಯ ಕಣ ಕಟ್ಟಿದ ಬುತ್ತಿಯ ಗಂಟಿದ್ದಂತೆ ಎಂದರು. ಗಂಟು ಕಟ್ಟಿರುವವರೆಗೆ ಅದರಿಂದ ಅಷ್ಟೇನೂ ಕೇಡಿಲ್ಲ. ಚುಕ್ಕಿ ತನ್ನ ಧರ್ಮದಂತೆ ಅದನ್ನು ಹಿಡಿದು ಬಿಚ್ಚುತ್ತದೆ. ಬಿಚ್ಚಿದಾಗ ಹೊರಬಿದ್ದದ್ದು ಪಕ್ಕದ ಕೋಶದ ಎಳೆಯನ್ನು ಕಚ್ಚುತ್ತದೆ. ಹಾಗೆ ಬಿಚ್ಚಿ ಬಿಚ್ಚಿ ದಣಿದ ಚುಕ್ಕಿಗಳೇ ಕಲೆಯ ಸುತ್ತ ನಿಂತು ಇರಿವಿಗಳನ್ನು ತಡೆಯುತ್ತಿರಬಹುದು. ಗಾಯವಾದ ಜಾಗದಲ್ಲಿ ಗಲಾಟೆ ಬೇಡವೆಂದು.

"ನಾವು ಹನಿ ಹಾಕಿ ಹಾಕಿ ಬಾಗಲಾ ಕಾಯೋರನ್ನ ಹೆಚ್ಚ ಮಾಡಿದ್ವಿ," ಎಂದರು. "ಬುತ್ತಿ ಬಿಚ್ಚೋ ಕೈನೂ ಹೆಚ್ಚ ಮಾಡಿದ್ವಿ, ದಾಕ್ಷಾಯಿಣಿ."

ಉಳಿದ ಮೂವತ್ತೊಂಬತ್ತು ಜನ ಗವಸು ಹಾಕಿಕೊಂಡಿದ್ದರು, ಬಾಯಿಗೆ ಪುಡಿ ಹೋಗುತ್ತಿರಲಿಲ್ಲ, ಬಿಚ್ಚಲು ಗಂಟೇ ಇರಲಿಲ್ಲ. ಆದ್ದರಿಂದ ಅವರಿಗೆ ಹನಿಯಿಂದ ಒಳ್ಳೆಯದೇ ಆಯಿತು. ಸಾವಂತ್ರೆವ್ವನಿಗೆ ಮಾತ್ರ ಕೇಡಾಯಿತು. ಆದರೆ ಎರಡು ವರ್ಷ ಪ್ರತಿ ಸೋಮವಾರ ನೋಡಿದ ನಾಲಿಗೆಯಲ್ಲಿ ಒಂದಾದರೂ ನೀಲಿ ಚೂರು ಯಾಕೆ ಕಾಣಲಿಲ್ಲ ಎಂಬುದು ಡಾಕ್ಟರರಿಗೆ ಅರ್ಥವಾಗಲಿಲ್ಲ. ದಾಕ್ಷಾಯಿಣಿಗೆ ಅರ್ಥವಾಯಿತು. ಅವಳೇ ಎಷ್ಟೋ ಸೋಮವಾರ ಬೆಳಿಗ್ಗೆ ಅತ್ತೆಗೆ ಹುಣಸೆಹಣ್ಣು, ಉಪ್ಪು ತೆಗೆದುಕೊಟ್ಟಿದ್ದಳು. ಸಾವಂತ್ರೆವ್ವ ಅದರಿಂದ ನಾಲಿಗೆಯನ್ನು ತಾಮ್ರದ ಕೊಡ ತಿಕ್ಕಿದಂತೆ ತಿಕ್ಕಿ ತೊಳೆದು, ಒಗೆದ ಸೀರೆ ಉಟ್ಟು ದೀಪದ ಮುಂದೆ ಬಂದು ಕೂರುತ್ತಿದ್ದಳು. ಅವಳನ್ನು ನೋಡಿ ಇಡೀ ಓಣಿಯೇ ಹಾಗೆ ಮಾಡತೊಡಗಿತ್ತು. ಡಾಕ್ಟರರ ಮುಂದೆ ಹೊಲಸು ನಾಲಿಗೆ ಚಾಚುವುದೇ?

ದಾರಿ ಒಂದಿತ್ತು, ಡಾಕ್ಟರರು ಎರಡು ದಿನ ಯೋಚಿಸಿ ಹೇಳಿದರು. ಹನಿ ನಿಲ್ಲಿಸಬೇಕು. ಚುಕ್ಕಿಗಳನ್ನಷ್ಟೇ ಮಲಗಿಸುವ ಒಂದು ಲೇಪ ಬೇರೆ ರೋಗಕ್ಕೆಂದು ಬಳಕೆಯಲ್ಲಿತ್ತು. ಅವು ಮೂರು ವಾರ ಮಲಗಿದರೆ ಇರಿವಿಗಳನ್ನು ತಡೆಯುವವರು ಯಾರೂ ಇರುವುದಿಲ್ಲ. ಶಸ್ತ್ರಚಿಕಿತ್ಸೆಯ ದಿನ ಹೇಗೂ ಇದ್ದೇ ಇತ್ತು. ಅದನ್ನು ಒಂದು ದಿನವೂ ಮುಂದೂಡುವುದಿಲ್ಲ. ಆಗಬಹುದು, ಆಗದೆಯೂ ಇರಬಹುದು. ಕಾವಲಿಲ್ಲದ ಬಾಯಿಗೆ ಬೇರೆ ಸೋಂಕು ತಗುಲಬಹುದು. ಅವ್ವನನ್ನು ಕೇಳಿ ನೋಡು ಎಂದರು.

*

ಸಾವಂತ್ರೆವ್ವ ಗಡಿಗೆಯ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ದಾಕ್ಷಾಯಿಣಿ ಪಕ್ಕದಲ್ಲಿ ಕೂತು ಗವಸನ್ನು ಅತ್ತೆಯ ಮೊಣಕಾಲ ಮೇಲಿಟ್ಟಳು.

ಮುದುಕಿ ಹೊಲಿಗೆಯ ಮೇಲೆ ಬೆರಳಾಡಿಸಿದಳು. ತನ್ನ ತಾಯಿ ಕಲಿಸಿದ್ದು ಎಂದಳು. ಗಡಿಗೆ ಹದಕ್ಕೆ ಬಂದರೆ ನಾಲಿಗೆಯ ತುದಿಗೆ ಎಳೆ ಹುಣಸೆ ಚಿಗುರಿನಂತೆ ಚುರ್ ಎನ್ನುತ್ತದೆ, ಬರದಿದ್ದರೆ ಸುಣ್ಣದ ನೀರಿನಂತಿರುತ್ತದೆ. ಅವಳ ತಾಯಿಯ ಕಾಲದ ನೀಲಿ ಗಿಡದಿಂದ ಬರುತ್ತಿತ್ತು. ಆಮೇಲೆ ಪುಡಿ ಬಂತು. ಪುಡಿ ಬದಲಾಯಿತು, ಕೈ ಬದಲಾಗಲಿಲ್ಲ.

"ನಾಲಿಗಿ ಇಲ್ಲದ ಬಣ್ಣಗಾರ್ತಿ ಅಂದ್ರ ಕಣ್ಣಿಲ್ಲದ ಅಕ್ಕಸಾಲಿಗ ಇದ್ದಂಗ," ಎಂದಳು. "ಹೇಳಿದ್ರ ಬಿಡಸ್ತಿದ್ರಿ. ಅದಕ್ಕ ಹೇಳಲಿಲ್ಲ."

"ಲೀಲಾನೂ ನೋಡ್ಯಾಳ್ರಿ ಅತ್ತಿ."

ಸಾವಂತ್ರೆವ್ವನ ಬೆರಳು ನಿಂತಿತು.

"ಏನ್ ನೋಡ್ಯಾಳ?"

"ಗಡಿಗಿ ರುಚಿ. ಆಕಿ ನಾಲಿಗಿ ಮ್ಯಾಲ ಮೂರು ಹಳದಿ ಬೊಟ್ಟ ಎದ್ದಾವು. ನಾನ ಕಂಡೀನಿ."

ಮಗ್ಗದ ಸದ್ದು ಒಳಗಿಂದ ಕೇಳುತ್ತಿತ್ತು. ಅಂಗಳದಲ್ಲಿ ಲೀಲಾ ನೀಲಿ ಆನೆಯ ಕಥೆಯನ್ನು ಬೆಕ್ಕಿಗೆ ಹೇಳುತ್ತಿದ್ದಳು. ಸಾವಂತ್ರೆವ್ವ ಅವಳನ್ನು ಕರೆದು, ಬಾಯಿ ತೆರೆಸಿ, ಬಿಸಿಲಿಗೆ ಹಿಡಿದು, ಬರಿಗಣ್ಣಿಗೆ ಕಾಣದ್ದನ್ನು ಹುಡುಕುತ್ತ ಬಹಳ ಹೊತ್ತು ನೋಡಿದಳು. ಆಮೇಲೆ ಮಗುವಿನ ಗದ್ದ ಬಿಟ್ಟು, ತನ್ನ ಕಿರುಬೆರಳನ್ನು ಸೆರಗಿನಲ್ಲಿ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು.

ಲೇಪದ ವಿಷಯ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು. "ಕಾವಲಾ ಕಾಯೋರನ್ನ ಮಲಗಿಸಿ ಬಾಗಲಾ ತಗದ ಇಡಬೇಕೇನು?"

"ಮೂರು ವಾರ ಬಾಗಲಾ ನಾ ಕಾಯ್ತೀನ್ರಿ," ಎಂದಳು ದಾಕ್ಷಾಯಿಣಿ.

*

ಆ ಮೂರು ವಾರಗಳು ಮುಂದೆ ಅವಳಿಗೆ ನೆನಪಾಗುತ್ತಿದ್ದದ್ದು ಒಂದು ಉದ್ದನೆಯ ಮಧ್ಯಾಹ್ನದ ಹಾಗೆ.

ಊಟವಾದ ಮೇಲೆ ಸಾವಂತ್ರೆವ್ವ ಸೊಸೆಯ ತೊಡೆಯ ಮೇಲೆ ತಲೆಯಿಟ್ಟು ಹಕ್ಕಿಮರಿಯಂತೆ ಬಾಯಿ ತೆರೆಯುತ್ತಿದ್ದಳು. ದಾಕ್ಷಾಯಿಣಿ ಹತ್ತಿಯ ತುದಿಯಿಂದ ಲೇಪ ಹಚ್ಚುತ್ತಿದ್ದಳು. ಅದು ಒಣಗುವವರೆಗೆ ಕಾಲು ಗಂಟೆ ನಾಲಿಗೆ ಅಲುಗಿಸಬಾರದು. ಅಷ್ಟು ಹೊತ್ತು ತನಗೇ ಗೊತ್ತಿಲ್ಲದೆ ಅವಳ ಮೊಣಕಾಲು ಮೆಲ್ಲಗೆ ತೂಗುತ್ತಿತ್ತು, ಲೀಲಾ ಕೂಸಾಗಿದ್ದಾಗ ತೂಗುತ್ತಿದ್ದಂತೆ. ಓಣಿಯ ಹೆಂಗಸರು ಅದಕ್ಕೆ ಜೋಗುಳದ ಮದ್ದು ಎಂದು ಹೆಸರಿಟ್ಟರು. ಕಾಶವ್ವನಿಗೆ ಮಾತ್ರ ಸಮಾಧಾನವಿರಲಿಲ್ಲ. ಎರಡು ವರ್ಷ ಎಬ್ಬಿಸಿ ಎಬ್ಬಿಸಿ ಈಗ ಮಲಗಿಸುತ್ತಾರಂತೆ, ಇವರಿಗಾದರೂ ಗೊತ್ತಿದೆಯೇ ಎಂದು ನಳದ ಬಳಿ ಕೇಳಿದಳಂತೆ. ಅದು ನ್ಯಾಯವಾದ ಪ್ರಶ್ನೆಯೇ ಆಗಿತ್ತು.

ನೀರು ಕುದಿಸಿ ಆರಿಸಿಯೇ ಕೊಡಬೇಕು. ಮಜ್ಜಿಗೆ ಇಲ್ಲ, ಹಸಿ ತರಕಾರಿ ಇಲ್ಲ. ಅಜ್ಜಿಯ ತಟ್ಟೆ, ಲೋಟ ಬೇರೆ. ಎಲ್ಲಕ್ಕಿಂತ ಕಷ್ಟವಾದದ್ದು ಎಂಜಲಿನ ಮಾತು. ಅಜ್ಜಿ, ಮೊಮ್ಮಗಳು ಹುಟ್ಟಿದಾಗಿನಿಂದ ಒಂದೇ ತಟ್ಟೆಯಲ್ಲಿ ಉಂಡವರು. ರೊಟ್ಟಿಯ ತುತ್ತು ಅತ್ತಿಂದಿತ್ತ ಇತ್ತಿಂದತ್ತ. ಈಗ ಲೀಲಾ ತನ್ನ ತಟ್ಟೆ ಹಿಡಿದು ಹೊಸ್ತಿಲಾಚೆ ಕೂತು, ತುತ್ತು ಎತ್ತಿ ಅಜ್ಜಿಗೆ ತೋರಿಸಿ, ಆಮೇಲೆ ತಾನು ತಿನ್ನುತ್ತಿದ್ದಳು. ಅಜ್ಜಿ ದೂರದಿಂದಲೇ ಬಾಯಿ ಆಡಿಸುತ್ತಿದ್ದಳು.

ಗಡಿಗೆಗಳು ಕೆಟ್ಟವು. ಡಾಕ್ಟರರು ಕಳಿಸಿದ ಬಣ್ಣ ಬದಲಿಸುವ ಕಾಗದದ ಪಟ್ಟಿ ಹಿಡಿದು ಹದ ನೋಡಬೇಕಿತ್ತು. ಕಾಗದಕ್ಕೆ ಏನು ರುಚಿ ಗೊತ್ತು ಎಂದು ಸಾವಂತ್ರೆವ್ವ ಅದನ್ನು ಮುಟ್ಟಲೂ ಇಲ್ಲ. ಹದದ ಹೊತ್ತಿಗೆ ಬೆರಳು ತಾನಾಗಿ ಬಾಯಿಯ ಕಡೆ ಏಳುತ್ತಿತ್ತು, ಅವಳು ಅದನ್ನು ಕೆಳಗಿಳಿಸಿ ಎದ್ದು ಹೋಗುತ್ತಿದ್ದಳು. ಹದ ನೋಡುವವರಿಲ್ಲದೆ ಎರಡು ಸಲ ನೂಲು ಮೋಡ ಮುಚ್ಚಿದ ದಿನದ ಬಣ್ಣಕ್ಕೆ ಇಳಿಯಿತು. ಮುತ್ತಣ್ಣ ಅದನ್ನೇ ಸುಮ್ಮನೆ ಮಗ್ಗಕ್ಕೇರಿಸಿ ನೇಯ್ದ. ಚೆನ್ನಾಗಿದೆ ಎಂದ. ಚೆನ್ನಾಗಿರಲಿಲ್ಲ.

ಕೇಂದ್ರದಲ್ಲಿ ಪರದೆಯ ಮೇಲಿನ ಆಕಾಶ ದಿನದಿಂದ ದಿನಕ್ಕೆ ಮಂಕಾಯಿತು. ಚುಕ್ಕಿಗಳು ಮುಟ್ಟಿದರೆ-ಮುನಿ ಗಿಡದ ಎಲೆಗಳಂತೆ ಒಂದೊಂದೇ ತೋಳು ಮಡಚಿದವು. ಒಂಬತ್ತನೆಯ ದಿನ ಲೀಲಾಳ ನಾಲಿಗೆಯನ್ನು ನೋಡಿದಾಗ ಮೂರು ಹಳದಿ ಬೊಟ್ಟುಗಳಲ್ಲಿ ಎರಡು ಇರಲಿಲ್ಲ. ಮೂರನೆಯದರ ಸುತ್ತ ಇರಿವಿಗಳು ಮುತ್ತಿದ್ದವು. ಎಳೆಯ ಮೈ, ತನ್ನ ಕೆಲಸ ತಾನೇ ಮಾಡಿಕೊಂಡಿತ್ತು. ದಾಕ್ಷಾಯಿಣಿ ಕೋಣೆಯ ಮೂಲೆಗೆ ಹೋಗಿ ಗೋಡೆಗೆ ಹಣೆಯಿಟ್ಟು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಬಂದು ಮಗಳ ಜಡೆ ಬಿಗಿದು ಕಟ್ಟಿದಳು.

ಸಾವಂತ್ರೆವ್ವನ ಕಲೆಯ ಅಂಚಿನಲ್ಲಿ ಇರಿವಿಗಳು ಹನ್ನೆರಡನೆಯ ದಿನವೂ ನಿಂತೇ ಇದ್ದವು. ಹದಿಮೂರನೆಯ ದಿನ ಅವಳಿಗೆ ಸ್ವಲ್ಪ ಜ್ವರ ಬಂತು, ಬಾಯಿಯಲ್ಲಿ ಹುಣ್ಣೆದ್ದಿತು. ಡಾಕ್ಟರ್ ನಸೀಮಾ ಇನ್ನು ಎರಡು ದಿನ ನೋಡಿ ಲೇಪ ನಿಲ್ಲಿಸೋಣ ಎಂದರು. ಹದಿನೈದನೆಯ ದಿನ ಮಧ್ಯಾಹ್ನ ದೀಪ ಹಚ್ಚಿದಾಗ ಪರದೆಯಲ್ಲಿ ಒಂದೂ ಚುಕ್ಕಿ ಇರಲಿಲ್ಲ. ಕತ್ತಲು, ಬರೀ ಕತ್ತಲು. ದಾಕ್ಷಾಯಿಣಿ ಬೆರಳು ಅಲುಗಿಸದೆ ಕಾದಳು. ಕತ್ತಲಿನಲ್ಲಿ ಒಂದು ಇರಿವಿ ಕಲೆಯ ಅಂಚು ದಾಟಿತು. ನಿಂತಿತು, ಮೂಸಿತು, ಒಳಗೆ ಹೋಯಿತು. ಅದರ ಹಿಂದೆ ಇನ್ನೊಂದು. ಆಮೇಲೆ ಸಾಲು, ಸಕ್ಕರೆ ಚೆಲ್ಲಿದ ಮನೆಯ ನೆಲದ ಮೇಲಿನಂತೆ.

"ಏನ್ ಕಾಣಾಕತ್ತೈತಿ?" ಎಂದು ಸಾವಂತ್ರೆವ್ವ ನಾಲಿಗೆ ಚಾಚಿಕೊಂಡೇ ತೊದಲಿದಳು. ದಾಕ್ಷಾಯಿಣಿ ಪರದೆಯನ್ನು ಅತ್ತೆಯ ಕಡೆ ತಿರುಗಿಸಿದಳು.

ಲೇಪ ಶುರುವಾದ ಇಪ್ಪತ್ತೆರಡನೆಯ ದಿನ ಬಾಗಲಕೋಟೆಯ ಸರ್ಜನ್ ಹುಣಸೆ ಬೀಜವನ್ನು ಹುಡುಕಿದರು. ಅವರಿಗೆ ಸಿಕ್ಕಿದ್ದು ಜೋಳದ ಕಾಳು. ಉಗುರಿನ ತುದಿಯಷ್ಟು ತೆಗೆದು, ನಾಲ್ಕು ಹೊಲಿಗೆ ಹಾಕಿ ಕಳಿಸಿದರು. ಡಾಕ್ಟರ್ ನಸೀಮಾ ಸಂತೋಷಪಟ್ಟರೂ ಹಿಗ್ಗಲಿಲ್ಲ. ಒಂದು ನಾಲಿಗೆಯಿಂದ ಶಾಸ್ತ್ರವಾಗುವುದಿಲ್ಲ. ಬೇರೆ ಊರಿನ, ಬೇರೆ ಪುಡಿಯ ಕೈಗಳನ್ನು, ನಾಲಿಗೆಗಳನ್ನು ನೋಡಬೇಕು, ಇವಳನ್ನೂ ವರ್ಷಗಟ್ಟಲೆ ನೋಡುತ್ತಿರಬೇಕು ಎಂದರು. ಕೇಂದ್ರದ ಬಾಗಿಲಿಗೆ ಹೊಸ ಕಾಗದವೊಂದನ್ನು ಅಂಟಿಸಿದರು: ದಯವಿಟ್ಟು ನಾಲಿಗೆ ತೊಳೆಯದೆ ಬನ್ನಿ.

*

ಮತ್ತೊಂದು ತಿಂಗಳು ಕಳೆದು, ಮಲಗಿದ್ದ ಚುಕ್ಕಿಗಳು ಮತ್ತೆ ತೋಳು ಚಾಚಿದ ವಾರ. ಪಥ್ಯ ಮುಗಿದಿತ್ತು. ಬೆಳಿಗ್ಗೆ ಸಾವಂತ್ರೆವ್ವ ಹೊಸ ಗವಸು ಹಾಕಿಕೊಂಡು, ಹತ್ತೂ ಬೆರಳು ಮುಚ್ಚಿ, ನಡುವಿನ ಗಡಿಗೆಯ ಮುಂದೆ ಕೂತಳು. ಲೀಲಾ ಎಡಗೈಯಲ್ಲಿ ರೊಟ್ಟಿಬೆಲ್ಲ, ಬಲಗೈಯಲ್ಲಿ ಕಾಗದದ ಪಟ್ಟಿ ಹಿಡಿದು ನಿಂತಿದ್ದಳು. ದಾಕ್ಷಾಯಿಣಿ ಕೇಂದ್ರಕ್ಕೆ ಹೊರಟವಳು ಹಿತ್ತಲ ಬಾಗಿಲಲ್ಲಿ ನಿಂತಳು.

ಮುದುಕಿ ಕೋಲಿನಿಂದ ಕೆನೆ ಸರಿಸಿದಳು. ಬೆರಳು ಅದ್ದಿದಳು. ಬೆರಳು ಅಭ್ಯಾಸದಂತೆ ಮೇಲೆದ್ದಿತು, ತುಟಿಯಿಂದ ಗೇಣು ದೂರದಲ್ಲಿ ನಿಂತಿತು. ತುದಿಯಿಂದ ಹಸಿರು ಹನಿಯೊಂದು ಗಡಿಗೆಗೆ ಮರಳಿ ಬಿದ್ದಿತು. ಆ ಹನಿ ಬಿದ್ದ ಸದ್ದಿಗೆ ಅವಳು ಕಿವಿಗೊಟ್ಟಂತೆ ತಲೆ ವಾಲಿಸಿದಳು.

"ಇನ್ನೊಂದು ಚೂರು ತಡಿ," ಎಂದಳು. ಕಣ್ಣು ಮುಚ್ಚಿದಳು. ಮಗ್ಗ ಒಳಗೆ ಹತ್ತಿಪ್ಪತ್ತು ಸಲ ಟಕ್ ಎಂದಿರಬೇಕು. "ಹಾಂ. ಈಗ ಅದ್ದ."

ಲೀಲಾ ಪಟ್ಟಿ ಅದ್ದಿದಳು. ಅದು ಡಬ್ಬಿಯ ಮೇಲೆ ಬರೆದ ಬಣ್ಣಕ್ಕೇ ತಿರುಗಿತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಹೇಗೆ ತಿಳಿಯಿತು ಎಂದು ದಾಕ್ಷಾಯಿಣಿ ಕೇಳಿದಳು. ಸಾವಂತ್ರೆವ್ವ ಗವಸು ತೆಗೆದು ಕೈ ತೊಳೆದುಕೊಂಡು, ನಾಚಿಕೊಂಡವಳಂತೆ ಗಡಿಗೆಯನ್ನೇ ನೋಡಿದಳು.

"ನಾಲಿಗಿಗೆ ಇಡೂಕಿಂತ ಮೊದಲ ಗೊತ್ತಿರತಿತ್ತವಾ ನನಗ," ಎಂದಳು. "ವಾಸನಿಗೆ, ಸಪ್ಪಳಕ್ಕ. ನಿನ್ನೆ ಮೊನ್ನೆ ಅಲ್ಲ, ಮೊದಲಿಂದ. ಆದ್ರ ಈ ಗಡಿಗಿನೂ ಮನಿಯಾಕಿ ಇದ್ದಂಗ. ಇಷ್ಟ ಹೊತ್ತು ಆಕಿ ಮುಂದ ಕುಂತು, ಏನೂ ಬಾಯಿಗೆ ಹಾಕ್ಕೊಳ್ಳದ ಹೆಂಗ ಎದ್ದ ಹೋಗೂದು ಅಂತ ತಿಂತಿದ್ದೆ."

ನೂಲಿನ ಲಡಿ ಮುಳುಗಿ ಮೇಲೆದ್ದಿತು. ಎಳೆಹಸಿರು ಬಿಸಿಲಿನಲ್ಲಿ ಒಂದು ಕ್ಷಣ ತಡೆದು, ನೀಲಿಗೆ ತಿರುಗತೊಡಗಿತು. ಲೀಲಾ ಬಾಯಿ ತೆರೆದು ನೋಡಿದಳು. ಆಮೇಲೆ ಏನೋ ನೆನಪಾದವಳಂತೆ ಎಡಗೈಯ ರೊಟ್ಟಿಯನ್ನು ಕಚ್ಚಿ, ಉಳಿದ ತುಂಡಿಗೆ ಬೆಲ್ಲ ಒತ್ತಿ, ಅಜ್ಜಿಯ ಬಾಯಿಗೆ ಹಿಡಿದಳು.

ಸಾವಂತ್ರೆವ್ವ ಬಾಗಿಲ ಕಡೆ ನೋಡಿದಳು. ದಾಕ್ಷಾಯಿಣಿ ಹೂಂ ಎಂದು ತಲೆಯಾಡಿಸಿದಳು.

ಮುದುಕಿ ಬಲಗಡೆಯ ದವಡೆಯಲ್ಲಿ ಮೆಲ್ಲಗೆ, ಬಹಳ ಹೊತ್ತು ಅಗಿದಳು. ಹೊಲಿಗೆ ಮಾಯ್ದ ನಾಲಿಗೆಯ ಮೇಲೆ ಬೆಲ್ಲ ಕರಗಿ ಎಲ್ಲೆಲ್ಲಿಗೆ ಹೋಗುತ್ತಿತ್ತೋ ಅಲ್ಲೆಲ್ಲ ಎಚ್ಚರವಾದ ಚುಕ್ಕಿಗಳು ತೋಳು ಚಾಚಿ ಅದನ್ನು ಬರಮಾಡಿಕೊಳ್ಳುತ್ತಿರಬೇಕು ಎಂದು ದಾಕ್ಷಾಯಿಣಿ ನಿಂತಲ್ಲೇ ಅಂದುಕೊಂಡಳು.

"ಹೆಂಗೈತಿ ಅಜ್ಜಿ?" ಎಂದು ಲೀಲಾ ಕೇಳಿದಳು.

ಸಾವಂತ್ರೆವ್ವ ಕಣ್ಣು ಮುಚ್ಚಿಯೇ ಇದ್ದಳು.

"ಹದಕ್ಕ ಬಂದೈತಿ," ಎಂದಳು.